ಬೋರ್ಡಿನ ಮೇಲೆ ನನ್ನ ನಂಬರು

ತಾಂಡ್ಯದ ಕಾರ್ಖಾನೆಯಲ್ಲಿ ನನ್ನ ಹೆಸರು 'ಮೂರ್ಸಲ'. ಮಾದೇಶ ಎನ್ನುವ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿದೆ. ತುಂಬಿದ ಡ್ರಮ್ಮುಗಳ ಮೇಲೆ ಬ್ಯಾಚ್ ನಂಬರು ಬರೆಯುವುದು ನನ್ನ ಕೆಲಸ. ಬರೆದಾದ ಮೇಲೆ ಚೀಟಿ ನೋಡಿ ಒಂದು ಸಲ, ಡ್ರಮ್ಮು ನೋಡಿ ಒಂದು ಸಲ, ಬಾಯಿಬಿಟ್ಟು ಓದಿ ಇನ್ನೊಂದು ಸಲ ತಾಳೆ ನೋಡುತ್ತೇನೆ. ಪಕ್ಕದವನು ಐವತ್ತು ಡ್ರಮ್ಮು ಮುಗಿಸುವಷ್ಟರಲ್ಲಿ ನಾನು ಮೂವತ್ತರಲ್ಲಿ ಉರು ಹೊಡೆಯುತ್ತಿರುತ್ತೇನೆ. ಸೂಪರ್‌ವೈಸರು ಬಂದು, ಇದೇನು ನಿನ್ನ ಲಗ್ನಪತ್ರಿಕೆಯಾ ಎಂದು ಹಂಗಿಸಿ ಹೋಗುತ್ತಾರೆ. ನಾನು ಹಲ್ಲು ಬಿಡುತ್ತೇನೆ. ಹಲ್ಲು ಬಿಡುವುದು ನನ್ನ ಹುಟ್ಟುಗುಣ. ಹೆರಿಗೆ ಮಾಡಿಸಿದ ನರ್ಸು ಬೆನ್ನು ತಟ್ಟಿದಾಗಲೂ ಅಳದೆ ಕಿಸಕ್ಕೆಂದೆನಂತೆ. ಅಮ್ಮ ಇದನ್ನು ಒಪ್ಪುವುದಿಲ್ಲ, ಆದರೆ ಆವತ್ತು ಅವರಿಗೆ ಎಚ್ಚರವಿರಲಿಲ್ಲ.

ಹೋದ ತಿಂಗಳು, ಆಷಾಢದ ಗಾಳಿ ಕಾರ್ಖಾನೆಯ ಶೀಟುಗಳನ್ನು ಬಡಿಯುತ್ತಿದ್ದ ಒಂದು ಮಧ್ಯಾಹ್ನ, ಥಿನ್ನರ್ ಡಬ್ಬಿಯನ್ನು ಒದ್ದು ಪ್ಯಾಂಟಿನ ಮೇಲೆಲ್ಲ ಸುರಿದುಕೊಂಡೆ. ಎಲ್ಲರೂ ನಕ್ಕರು. ನಾನೂ ನಗಲು ಹೋದೆ. ಆ ವಾಸನೆ ಮೂಗಿಗೆ ಏರಿದ್ದೇ, ನಗು ಅರ್ಧಕ್ಕೆ ನಿಂತುಬಿಟ್ಟಿತು. ಐದನೇ ಸೆಮಿಸ್ಟರಿನ ವರ್ಷ ಅದೇ ವಾಸನೆಯಲ್ಲಿ ಶುರುವಾಗಿ ಅದೇ ವಾಸನೆಯಲ್ಲಿ ಕೆಟ್ಟದ್ದು.

ನಾನು ಓದಿದ ಕಾಲೇಜಿನ ಹೆಸರು ಬೇಡ. ನಂಜನಗೂಡಿಗೂ ನರಸೀಪುರಕ್ಕೂ ನಡುವೆ ಎಲ್ಲೋ ಇತ್ತು ಎಂದುಕೊಳ್ಳಿ. ಆ ವರ್ಷ ಕೇರಳದ ಕಡೆ ಮಳೆ ಹುಚ್ಚೆದ್ದು ಸುರಿದು ಕಬಿನಿ ಅಣೆಕಟ್ಟೆಯ ಬಾಗಿಲು ತೆಗೆದಿದ್ದರು. ನಂಜನಗೂಡಿನ ಸ್ನಾನಘಟ್ಟದ ಮೆಟ್ಟಿಲುಗಳನ್ನು ಕಪಿಲೆ ಒಂದೊಂದಾಗಿ ನುಂಗುತ್ತಿದ್ದಳು. ಬಸ್ಸುಗಳು ಸುತ್ತು ಬಳಸಿ ಬರುತ್ತಿದ್ದವು, ನಾವು ಮೊದಲ ಪೀರಿಯಡ್ಡು ಮುಗಿದ ಮೇಲೆ ಮಳೆಯ ನೆಪ ಹೇಳಿಕೊಂಡು ಒಳಗೆ ಹೋಗುತ್ತಿದ್ದೆವು. ನನಗೆ ಎರಡು ವಿದ್ಯೆ ಗೊತ್ತಿತ್ತು. ಒಂದು, ಗುಂಡಗೆ ಬರೆಯುವುದು. ಇನ್ನೊಂದು, ಯಾರ ದನಿಯನ್ನಾದರೂ ಅನುಕರಿಸುವುದು. ಮೂರನೆಯದಾಗಿ ಓದು ಬರಬೇಕಿತ್ತು, ಅದಕ್ಕೆ ಬಸ್ಸು ಸಿಗಲಿಲ್ಲ.

ಗುಂಡನೆಯ ಅಕ್ಷರದ ದೆಸೆಯಿಂದ ನಾನು ಕಾಲೇಜಿನ ಕಚೇರಿಗೆ ಬೇಕಾದವನಾಗಿದ್ದೆ. ನೋಟೀಸು ಬೋರ್ಡು, ಪರೀಕ್ಷೆಯಲ್ಲಿ ಬೆಂಚುಗಳ ಮೇಲೆ ಸೀಮೆಸುಣ್ಣದ ನಂಬರು, ಸನ್ಮಾನಪತ್ರ ಎಲ್ಲ ನನ್ನದೇ ಕೈ. ಆ ಶ್ರಾವಣದಲ್ಲಿ ಕಾಲೇಜಿಗೆ ದರ್ಜೆ ಕೊಡುವ ತಪಾಸಣೆಯವರು ಬರುವವರಿದ್ದರು. ಕಚೇರಿಯ ಸೂಪರಿಂಟೆಂಡೆಂಟು ನನ್ನನ್ನು ಕರೆದು ಒಂದು ಹೊಸ ಪುಸ್ತಕ ಕೊಟ್ಟರು. ಅದು ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿಯ ನಡವಳಿ ಪುಸ್ತಕ. ಹಿಂದಿನ ವರ್ಷ ನಾಲ್ಕು ಸಭೆ ಆಗಬೇಕಿತ್ತಂತೆ, ಆಗಿರಲಿಲ್ಲವಂತೆ. ನಾಲ್ಕನ್ನೂ ನಾನು ಒಂದೇ ಮಧ್ಯಾಹ್ನ ನಡೆಸಿಕೊಟ್ಟೆ. ಸಭೆಗೊಂದರಂತೆ ಪೆನ್ನು ಬದಲಾಯಿಸಿದೆ. ಎರಡನೇ ಸಭೆಯ ಹಾಳೆಗೆ ನಿಜದ ಕಳೆ ಬರಲಿ ಎಂದು ಟೀ ಚೆಲ್ಲಿದೆ. ಮೂರನೆಯ ಸಭೆಗೆ ಒಬ್ಬ ಸದಸ್ಯರಿಗೆ ಜ್ವರ ಬರಿಸಿ ಮನೆಯಲ್ಲೇ ಮಲಗಿಸಿದೆ. ನಾಲ್ಕರ ಕೊನೆಯಲ್ಲೂ 'ಯಾವುದೇ ದೂರು ಬಂದಿರುವುದಿಲ್ಲ' ಎಂದು ಬರೆದು ಅಡಿಗೆರೆ ಎಳೆದೆ. ಸೂಪರಿಂಟೆಂಡೆಂಟು ನನಗೆ ಉದ್ದಿನವಡೆ ಕೊಡಿಸಿದರು.

ತಪಾಸಣೆಯ ಹಿಂದಿನ ದಿನ ಬೋರ್ಡು ಬರೆಯಬೇಕಾಯಿತು. ತಗಡಿಗೆ ಬಿಳಿ ಎನಾಮಲ್ ಹೊಡೆದು ನೀಲಿಯಲ್ಲಿ ಸಮಿತಿಯವರ ಹೆಸರು ಬರೆದೆ. ಅಧ್ಯಕ್ಷರು ಅರ್ಥಶಾಸ್ತ್ರದ ವಸುಂಧರಾ ಮೇಡಂ. ಅವರು ನಂಜನಗೂಡಿನವರು, ಪೂಜೆ ಪಾಠದ ಮನೆತನ, ನಿವೃತ್ತಿಗೆ ಎರಡು ವರ್ಷವಿತ್ತು. ಕ್ಲಾಸಿನಲ್ಲಿ ಸೀಮೆಸುಣ್ಣ ಬಿದ್ದರೆ ಕೇಳುವಷ್ಟು ನಿಶ್ಶಬ್ದ ಮಾಡಿಸುತ್ತಿದ್ದರು. ಚೀಟಿಯಲ್ಲಿ ಅವರ ಹೆಸರಿನ ಮುಂದೆ ಫೋನ್ ನಂಬರಿನ ಜಾಗ ಖಾಲಿಯಿತ್ತು. ಕೇಳಿದರೆ ಸೂಪರಿಂಟೆಂಡೆಂಟು, ಸದ್ಯಕ್ಕೆ ಹತ್ತು ಅಂಕಿ ಏನಾದರೂ ತುಂಬಿಸು, ಆಮೇಲೆ ಸರಿಮಾಡಿಕೊಳ್ಳೋಣ ಎಂದರು. ಬಾಯಿಗೆ ಬಂದದ್ದು ಬರೆದರೆ ದಾವಣಗೆರೆಯ ಯಾವನೋ ಪಾಪದವನ ನಂಬರಾಗಿ ಅವನಿಗೆ ತೊಂದರೆಯಾದೀತು ಎಂದು ಯೋಚಿಸಿದೆ. ನನ್ನಂಥವನಿಗೂ ಜವಾಬ್ದಾರಿ ಇರುತ್ತದೆ ನೋಡಿ. ಯಾರಿಗೂ ತೊಂದರೆಯಾಗದಿರಲೆಂದು ನನ್ನ ನಂಬರನ್ನೇ ಬರೆದೆ.

ತಪಾಸಣೆಯವರು ಬಂದರು, ಬೋರ್ಡಿನ ಫೋಟೋ ತೆಗೆದುಕೊಂಡರು, ಅಕ್ಷರ ಚೆನ್ನಾಗಿದೆ ಎಂದರು, ಹೋದರು. ಆಮೇಲೆ ಸರಿಮಾಡಿಕೊಳ್ಳುವ ಆ 'ಆಮೇಲೆ' ಬರಲೇ ಇಲ್ಲ. ನಾನೂ ಮರೆತೆ.

ಎರಡನೇ ವಿದ್ಯೆಯ ವಿಷಯಕ್ಕೆ ಬರುತ್ತೇನೆ. ಗೊತ್ತಿಲ್ಲದ ನಂಬರಿನಿಂದ ಫೋನು ಬಂದರೆ ನಾನು ಹೆಣ್ಣುದನಿಯಲ್ಲಿ ಟೆಲಿಫೋನಿನ ಪ್ರಕಟಣೆ ಒಪ್ಪಿಸುತ್ತಿದ್ದೆ. ಸಾಲ ಬೇಕಾ, ಸೈಟು ಬೇಕಾ ಎಂದು ಕೇಳುವವರ ಕಾಟಕ್ಕೆ ಕಂಡುಕೊಂಡ ಮದ್ದು ಅದು. ಫೋನಿನಲ್ಲಿ ಎಲ್ಲ ಕರೆಯೂ ತಾನಾಗಿ ರೆಕಾರ್ಡ್ ಆಗುವ ಹಾಗೆ ಮಾಡಿಕೊಂಡಿದ್ದೆ, ಗೆಳೆಯರಿಗೆ ಕೇಳಿಸಿ ನಗಿಸಬೇಕಲ್ಲ. ಬಿದ್ದವರ ನಂಬರುಗಳನ್ನು ಬಕ್ರಾ ಒಂದು, ಬಕ್ರಾ ಎರಡು ಎಂದು ಸೇವ್ ಮಾಡುತ್ತಿದ್ದೆ.

ತಪಾಸಣೆ ಮುಗಿದು ವಾರವಾಗಿತ್ತು. ಕಾಲೇಜಿನ ಎದುರಿನ ಟೀ ಅಂಗಡಿಯಲ್ಲಿ ಐದಾರು ಜನ ಕೂತಿದ್ದೆವು. ನಮ್ಮ ಜೊತೆ ಲ್ಯಾಬ್ ಸರ್ ಇದ್ದರು. ಕಂಪ್ಯೂಟರ್ ಲ್ಯಾಬು ನೋಡಿಕೊಳ್ಳುತ್ತಿದ್ದ ಅತಿಥಿ ಉಪನ್ಯಾಸಕರು, ನಮಗಿಂತ ಹತ್ತು ವರ್ಷ ದೊಡ್ಡವರಿದ್ದಾರು. ಹುಡುಗರ ಹೆಗಲ ಮೇಲೆ ಕೈ ಹಾಕಿ ಮಾತಾಡುತ್ತಿದ್ದರು, ಟೀ ಕೊಡಿಸುತ್ತಿದ್ದರು, ನನ್ನ ಅನುಕರಣೆಗೆ ಚಪ್ಪಾಳೆ ಹೊಡೆಯುತ್ತಿದ್ದರು. ಅವರೆಂದರೆ ನನಗೆ ಪ್ರಾಣ. ಆಗ ಫೋನು ಬಂತು. ಗೊತ್ತಿಲ್ಲದ ನಂಬರು. ಅತ್ತಲಿಂದ ಒಂದು ಹೆಣ್ಣುದನಿ ಬಹಳ ಸಣ್ಣಗೆ, 'ಮೇಡಂ, ನಾನು ಲ್ಯಾಬಿನ ವಿಷ್ಯ…' ಎಂದಿತು. ನಾನು ಮುಂದೆ ಕೇಳಲಿಲ್ಲ. ಕೇಳುವ ಅಭ್ಯಾಸವಿದ್ದರೆ ತಾನೆ.

'ನೀವು ಕರೆ ಮಾಡುತ್ತಿರುವ ಚಂದಾದಾರರು ಬೇರೊಂದು ಕರೆಯಲ್ಲಿ ನಿರತರಾಗಿದ್ದಾರೆ. ದಯವಿಟ್ಟು ಮುಂದಿನ ಜನ್ಮದಲ್ಲಿ ಪ್ರಯತ್ನಿಸಿ.'

ಟೀ ಅಂಗಡಿಯವನು ಸೋಸುವುದನ್ನು ಬಿಟ್ಟು ನಕ್ಕ. ಎಲ್ಲರಿಗಿಂತ ಜೋರಾಗಿ ನಕ್ಕವರು ಲ್ಯಾಬ್ ಸರ್. ಅತ್ತ ಕರೆ ಕಟ್ ಆಯಿತು. ಹತ್ತೊಂಬತ್ತು ಸೆಕೆಂಡು. ಬಕ್ರಾ ಏಳು ಎಂದು ಸೇವ್ ಮಾಡಿಕೊಂಡೆ.

ಸುಜಾತ ನನ್ನ ಕ್ಲಾಸಿನವಳು. ಅದು ಅವಳ ಹೆಸರಲ್ಲ, ಊರು ಮೂಗೂರು ಎನ್ನುತ್ತೇನೆ, ಅದೂ ಅಲ್ಲದಿರಬಹುದು. ನರಸೀಪುರದಿಂದ ನಾವಿಬ್ಬರೂ ಒಂದೇ ಬಸ್ಸಿಗೆ ಬರುತ್ತಿದ್ದೆವು. ಅವರ ಮನೆಯ ಗೋಡೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ಅವಳ ಪಿಯುಸಿ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ನೇತುಹಾಕಿದ್ದರು. ಅಪ್ಪ ಇರಲಿಲ್ಲ, ತಾಯಿ ರತ್ನಮ್ಮ ಕೂಲಿಗೆ ಹೋಗುತ್ತಿದ್ದರು. ಕ್ಲಾಸಿನಲ್ಲಿ ನನ್ನ ಜೋಕಿಗೆ ಮೊದಲು ನಗುತ್ತಿದ್ದವಳು ಅವಳು. ಆ ಶ್ರಾವಣ ಕಳೆದ ಮೇಲೆ ನಗುವುದನ್ನು ನಿಲ್ಲಿಸಿದ್ದಳು. ನನ್ನ ಜೋಕುಗಳು ಹಳಸಿದವೇನೋ ಎಂದು ನಾನು ಹೊಸವನ್ನು ಹೊಂದಿಸುತ್ತಿದ್ದೆ.

ಹೊಳೆ ಇಳಿದು, ಗದ್ದೆಗಳಲ್ಲಿ ನಾಟಿ ಮುಗಿದು, ಮತ್ತೆ ಮಳೆ ಹಿಡಿದಿದ್ದ ದಿನ. ದಸರಾ ರಜೆ ಆಗಷ್ಟೇ ಮುಗಿದಿತ್ತು. ಸಂಜೆಯ ಬಸ್ಸಿಗೆ ಎದುರಾಗಿ ಕಬ್ಬಿನ ಟ್ರ್ಯಾಕ್ಟರೊಂದು ಮಗುಚಿ ರಸ್ತೆ ಕಟ್ಟಿಹೋಯಿತು. ಸುಜಾತಳ ಫೋನಿನಲ್ಲಿ ಚಾರ್ಜಿರಲಿಲ್ಲ. ನನ್ನ ಸೀಟಿನ ಹತ್ತಿರ ಬಂದು, 'ಮಾದೇಶ, ನಿನ್ ಫೋನ್ ಕೊಡು. ನಮ್ಮವ್ವಂಗೆ ಒಂದ್ ಮಾತು ಯೋಳ್ಬುಡ್ತೀನಿ, ಕಾಯ್ತಾ ಇರ್ತದೆ' ಎಂದಳು. ಕೊಟ್ಟೆ. ಹತ್ತನೇ ಅಂಕಿ ಒತ್ತುತ್ತಿದ್ದ ಹಾಗೆ ಅವಳ ಬೆರಳು ನಿಂತಿತು. ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಬಕ್ರಾ ಏಳು.

ಇಲ್ಲಿ ಯಾವ ಬುದ್ಧಿವಂತನಾದರೂ ಸುಮ್ಮನಾಗುತ್ತಿದ್ದ. ನಾನು ಖುಷಿಯಾದೆ. ನಿಮ್ಮವ್ವನೇ ಬಕ್ರಾ ಏಳಾ ಎಂದು ತೊಡೆ ತಟ್ಟಿಕೊಂಡು ನಕ್ಕೆ. ಅಷ್ಟಕ್ಕೆ ಬಿಟ್ಟೆನೇ? ಇಡೀ ಬಸ್ಸಿಗೆ ಕೇಳುವಂತೆ, ಅದೇ ಹೆಣ್ಣುದನಿಯಲ್ಲಿ ಆ ಪ್ರಕಟಣೆಯನ್ನು ಇನ್ನೊಂದು ಸಲ ಅವಳೆದುರು ಒಪ್ಪಿಸಿದೆ. ಮುಂದಿನ ಜನ್ಮದವರೆಗೂ ಒಪ್ಪಿಸಿದೆ. ಹಿಂದಿನ ಸೀಟಿನಲ್ಲಿ ಯಾರೋ ನಕ್ಕರು.

ಅವಳು ಫೋನನ್ನು ಕೆಳಗಿಳಿಸಿದಳು.

'ಅದು ನಮ್ಮವ್ವ ಅಲ್ಲ ಕಣೋ, ನಾನು' ಎಂದಳು. 'ನನ್ ನಂಬರ್ ಕಾಲೇಜ್ನೋರ್ಗೆ ಗೊತ್ತಾಗದು ಬ್ಯಾಡ ಅಂತ ಅವ್ವನ ಫೋನಲ್ಲಿ ಮಾಡಿದ್ದೆ. ಬೋರ್ಡ್ ಮ್ಯಾಲಿದ್ದ ನಂಬರ್ಗೆ.' ಆಮೇಲೆ ದನಿ ತಗ್ಗಿಸಿದಳು. 'ಪ್ರಾಜೆಕ್ಟ್ ನೋಡ್ತೀನಿ ಬಾ ಅಂತ ಕರ್ದು, ಲ್ಯಾಬ್ ಸರ್ ಬಾಗ್ಲಾಕ್ಕೊಂಡು ಮೈಮ್ಯಾಲೆ ಕೈ ಹಾಕುದ್ರು. ಇಂಟರ್ನಲ್ ಮಾರ್ಕ್ಸು ನನ್ ಕೈಲಿ ಅದೆ ಅಂದ್ರು. ಅದ ಯೋಳಾಕೆ ಮೂರ್ ದಿನ ಧೈರ್ಯ ತಕ್ಕೊಂಡಿದ್ದೆ. ನೀನು ಮುಂದಿನ್ ಜನ್ಮದಲ್ಲಿ ಅಂದೆ.'

ತಾಯಿಗೆ ಫೋನು ಮಾಡದೆಯೇ ನನ್ನ ಕೈಗೆ ವಾಪಸು ಕೊಟ್ಟು, ಮುಂದಕ್ಕೆ ಹೋಗಿ ಡ್ರೈವರಿನ ಹಿಂದೆ ನಿಂತಳು. ನರಸೀಪುರ ಬರುವವರೆಗೂ ಕೂರಲಿಲ್ಲ, ಖಾಲಿ ಸೀಟಿದ್ದರೂ.

ಮರುದಿನ ನಾನು ಮಾಡಿದ ಮೊದಲ ಕೆಲಸ ಕೇಳಿ. ಸುಜಾತಳ ಹತ್ತಿರ ಹೋಗಲಿಲ್ಲ. ಥಿನ್ನರು, ಬಿಳಿ ಬಣ್ಣ ತೆಗೆದುಕೊಂಡು ಬೆಳಿಗ್ಗೆ ಎಂಟಕ್ಕೇ ಹೋಗಿ ಬೋರ್ಡಿನ ಮೇಲಿನ ನನ್ನ ನಂಬರು ಅಳಿಸಿದೆ. ಕಳ್ಳನಿಗೂ ಇಷ್ಟು ಅಚ್ಚುಕಟ್ಟು ಇರುವುದಿಲ್ಲ. ಕೊನೆಯ ಕುಂಚ ಎಳೆಯುವಾಗ ಹಿಂದೆ ವಸುಂಧರಾ ಮೇಡಂ ನಿಂತಿದ್ದರು. ಕೊಡೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವರು ನನ್ನನ್ನು ನೋಡುತ್ತಿರಲಿಲ್ಲ, ಬೋರ್ಡು ಓದುತ್ತಿದ್ದರು.

'ನಾನು ಯಾವಾಗಿನಿಂದ ಅಧ್ಯಕ್ಷೆ?' ಎಂದು ಕೇಳಿದರು.

ದಿನವೂ ಆ ಬೋರ್ಡಿನ ಪಕ್ಕದಲ್ಲೇ ಹಾದುಹೋಗುತ್ತಿದ್ದರೂ ಅವರು ಅದನ್ನು ಓದಿರಲಿಲ್ಲ. ನಡವಳಿ ಪುಸ್ತಕಕ್ಕೆ ಕಚೇರಿಯವರು ಅವರ ರುಜುವನ್ನು ಹಾಜರಿ ಪಟ್ಟಿಗಳ ಕಟ್ಟಿನ ನಡುವೆ ಇಟ್ಟು ಹಾಕಿಸಿಕೊಂಡಿದ್ದರಂತೆ. ಅವರ ಮುಂದೆ ಸುಳ್ಳು ಹೇಳುವುದು ನನ್ನಿಂದ ಆಗುತ್ತಿರಲಿಲ್ಲ, ಆಗ. ನಾಲ್ಕು ಸಭೆ, ನನ್ನ ನಂಬರು, ಫೋನು ಮಾಡಿದ ಹುಡುಗಿ, ಎಲ್ಲ ಒದರಿದೆ. ಹೆಸರು ಹೇಳಲು ಬಾಯಿ ತೆಗೆದಾಗ ತಡೆದರು.

'ಬೇಡ. ಹೆಸರು ಹೇಳೋದು ನಿನ್ನ ಕೆಲಸ ಅಲ್ಲ. ಮೇಡಂ ಲೈಬ್ರರಿಯಲ್ಲಿ ಕೂತಿರ್ತಾರೆ, ಬಂದ್ರೆ ಕೇಳಿಸ್ಕೊಳ್ತಾರೆ ಅಂತ ಮಾತ್ರ ಹೇಳು. ಬರೋದೂ ಬಿಡೋದೂ ಅವಳಿಷ್ಟ.' ಹೋಗುವಾಗ ತಿರುಗಿ, 'ರುಜು ಹಾಕಿದವಳು ನಾನು. ನೀನೊಬ್ಬನೇ ಅಂದ್ಕೋಬೇಡ' ಎಂದರು.

ಅಂದೇ ಸಂಜೆ ಮೂಗೂರಿಗೆ ಹೋದೆ. ಸುಜಾತ ಹೊರಗೆ ಬರಲಿಲ್ಲ. ರತ್ನಮ್ಮ ಹೊಸಿಲಲ್ಲೇ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಮಗಳು ಹಿಂದಿನ ರಾತ್ರಿಯೇ ಅವರಿಗೆ ಎಲ್ಲ ಹೇಳಿದ್ದಳು. ನಾನು ಮೇಡಂ ಹೇಳಿದ್ದನ್ನು ಒಪ್ಪಿಸಿದೆ. ಅವರು ತಲೆ ಎತ್ತದೆ ಕೇಳಿದರು.

'ಫೋನೆತ್ತಿ ಆಡ್ಕೊಂಡ್ನಲ್ಲ, ಆ ಹೈದ ನೀನೇಯಾ?'

ಹೂಂ ಎಂದೆ.

'ನಾಳೀಕೆ ನಾನೂ ಬತ್ತೀನಿ. ನೀನು ದಾರಿ ತೋರ್ಸು ಸಾಕು. ಬಾಯಿ ಬುಡ್ಬ್ಯಾಡ.'

ಮರುದಿನ ಲೈಬ್ರರಿಯ ಒಳಗೆ ಮೇಡಂ, ರತ್ನಮ್ಮ, ಸುಜಾತ ಮೂವರೂ ಕೂತರು, ನಾನು ಕಿಟಕಿಯ ಹೊರಗೆ ಕಾವಲು. ಮೇಡಂ ನಿಯಮದ ಪುಸ್ತಕವನ್ನು ಎಲ್ಲಿಂದಲೋ ತರಿಸಿ ಓದಿದ್ದರು, ನಡುನಡುವೆ ಚೀಟಿ ಸಿಕ್ಕಿಸಿದ್ದರು. ಕ್ಲಾಸಿನಲ್ಲಿ ಪಾಠ ಹೇಳುವವರ ದನಿ ಅಲ್ಲ ಅದು, ತಾವೂ ಹೊಸದಾಗಿ ಕಲಿಯುತ್ತಿರುವವರ ದನಿ. ಘಟನೆಯಾದ ಮೂರು ತಿಂಗಳೊಳಗೆ ಸಮಿತಿಗೆ ಬರೆದುಕೊಡಬೇಕು, ಎರಡೂವರೆ ಕಳೆದಿದೆ, ತಡವಾದರೂ ತಕ್ಕ ಕಾರಣವಿದ್ದರೆ ಇನ್ನೂ ಮೂರು ತಿಂಗಳು ತೆಗೆದುಕೊಳ್ಳಬಹುದು ಎಂದರು. ಪೊಲೀಸರ ಹತ್ತಿರ ಹೋಗುವ ದಾರಿ ಬೇರೆ, ಅದನ್ನು ಕಾಲೇಜು ತಡೆಯುವ ಹಾಗಿಲ್ಲ, ಎರಡನ್ನೂ ಒಟ್ಟಿಗೆ ಮಾಡಬಹುದು. ಮೈಸೂರಿನಲ್ಲಿ ಸರ್ಕಾರದ ಕೇಂದ್ರವಿದೆ, ಅಲ್ಲಿ ವಕೀಲರು, ಡಾಕ್ಟರು, ಮನಸ್ಸಿಗೆ ಧೈರ್ಯ ಹೇಳುವವರು ಒಂದೇ ಕಡೆ ಸಿಗುತ್ತಾರೆ, ದುಡ್ಡು ಕೊಡಬೇಕಿಲ್ಲ, ನಾನೇ ಕರೆದುಕೊಂಡು ಹೋಗುತ್ತೇನೆ ಎಂದರು. ವಿಚಾರಣೆ ಮುಗಿಯುವವರೆಗೆ ಅವನನ್ನು ನಿನ್ನಿಂದ ದೂರ ಇಡಿ, ನಿನ್ನ ಮಾರ್ಕ್ಸು ಬೇರೆಯವರು ಹಾಕಲಿ ಎಂದೂ ಕೇಳಬಹುದು. ಇದನ್ನೆಲ್ಲ ನಾನು ಸುಂದರವಾದ ಗುಂಡಕ್ಷರದಲ್ಲಿ ಬೋರ್ಡಿಗೆ ಬರೆಯಬಹುದಿತ್ತಲ್ಲ ಎಂದು ಕಿಟಕಿಯ ಸರಳು ಹಿಡಿದು ನಿಂತೆ.

ಸುಜಾತ ಅಲ್ಲೇ ಕೂತು ಎರಡು ಪುಟ ಬರೆದುಕೊಟ್ಟಳು. ನನ್ನ ಅಕ್ಷರದ ಹಂಗು ಅವಳಿಗೆ ಬೇಕಿರಲಿಲ್ಲ.

ಪ್ರಿನ್ಸಿಪಾಲರು ನಡವಳಿ ಪುಸ್ತಕ ತೆರೆದು, ಈ ಕಾಲೇಜಿನಲ್ಲಿ ಇವತ್ತಿನವರೆಗೆ ಒಂದು ದೂರೂ ಇಲ್ಲ ಎಂದು ನನ್ನ ಅಕ್ಷರವನ್ನೇ ತೋರಿಸಿದರಂತೆ. ಒಂದು ಕ್ಷಮಾಪಣೆ ಬರೆಸಿ ಮುಗಿಸೋಣ ಎಂದರಂತೆ. ಮೇಡಂ ಒಪ್ಪಲಿಲ್ಲ. ಮೈಸೂರಿನ ಒಬ್ಬ ವಕೀಲೆ ಹೊರಗಿನ ಸದಸ್ಯೆಯಾಗಿ ಬಂದರು, ವಿಚಾರಣೆ ಶುರುವಾಯಿತು. ಲ್ಯಾಬ್ ಸರ್ ಹೇಳಿದ್ದು ಒಂದೇ ಮಾತು. ಅಂಥದ್ದು ನಡೆದಿದ್ದರೆ ಎರಡೂವರೆ ತಿಂಗಳು ಯಾಕೆ ಸುಮ್ಮನಿದ್ದಳು? ಇಂಟರ್ನಲ್ಲಿನಲ್ಲಿ ಮಾರ್ಕ್ಸು ಕಡಿಮೆ ಬಂದ ಮೇಲೆ ಹುಟ್ಟಿದ ಕಥೆ ಇದು. ಸುಜಾತ, ನಾನು ಆಗಲೇ ಫೋನು ಮಾಡಿದ್ದೆ ಎಂದಳು. ಯಾವ ನಂಬರಿಗೆ? ಬೋರ್ಡಿನ ಮೇಲಿದ್ದ ನಂಬರಿಗೆ. ಎಲ್ಲರೂ ಹೋಗಿ ಬೋರ್ಡು ನೋಡಿದರು. ಅಲ್ಲಿ ನಾನು ಬಳಿದ ಬಿಳಿ ಬಣ್ಣವಿತ್ತು. ರತ್ನಮ್ಮನ ಕೀಪ್ಯಾಡ್ ಫೋನಿನಲ್ಲಿ ಹಳೆಯ ಕರೆಗಳು ಉಳಿದಿರಲಿಲ್ಲ. ಉಳಿದದ್ದು ನಾನು.

ನನ್ನನ್ನು ಕರೆಯುವ ಹಿಂದಿನ ದಿನ ಪ್ರಿನ್ಸಿಪಾಲರು ಕೋಣೆಗೆ ಕರೆಸಿಕೊಂಡರು. ಕೂರಿಸಿದರು ಕೂಡ. ನಿಮ್ಮಪ್ಪ ಹೇಗಿದ್ದಾರೆ ಎಂದು ವಿಚಾರಿಸಿದರು. ಆಮೇಲೆ, 'ಪುಸ್ತಕದ ಅಕ್ಷರ ನಿಂದು, ಬೋರ್ಡಿನ ನಂಬರು ನಿಂದು, ಅಳಿಸಿದೋನೂ ನೀನು. ಮೊದಲು ಸಿಕ್ಕಾಕ್ಕೊಳ್ಳೋದು ಯಾರಪ್ಪಾ? ಜ್ಞಾಪಕ ಇಲ್ಲ ಅನ್ನೋದು ತಪ್ಪೇನಲ್ಲ' ಎಂದರು. ನಡತೆ ಪ್ರಮಾಣಪತ್ರದ ಮಾತೂ ನಡುವೆ ಬಂತು.

ವಿಚಾರಣೆಯಲ್ಲಿ ಹೊರಗಿನ ಸದಸ್ಯೆ ಕೇಳಿದರು, ನಿಮಗೆ ಅಂಥ ಕರೆ ಬಂದಿತ್ತಾ? ಜ್ಞಾಪಕ ಇಲ್ಲ ಎಂದೆ. ವಸುಂಧರಾ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

'ಮಾದೇಶ, ನನ್ನ ಹತ್ರ ನೀನೇ ಹೇಳಿದ್ದೆಯಲ್ಲ.'

'ಅದು ತಮಾಷೆಗೆ ಹೇಳಿದ್ದು ಮೇಡಂ.'

ಮೇಡಂ ಬಿಟ್ಟರೆ ಯಾರಿಗೂ ಅನುಮಾನ ಬರಲಿಲ್ಲ. ಮೂರು ವರ್ಷ ನಾನು ಆಡಿದ ಮಾತೆಲ್ಲ ತಮಾಷೆಯೇ ಆಗಿತ್ತಲ್ಲ. ಜೇಬಿನಲ್ಲಿ ಫೋನಿತ್ತು. ಅದರಲ್ಲಿ ತಾರೀಖಿನ ಸಮೇತ ಹತ್ತೊಂಬತ್ತು ಸೆಕೆಂಡಿನ ರೆಕಾರ್ಡಿಂಗ್ ಇತ್ತು. ಕೈ ಅದರ ಮೇಲೇ ಇತ್ತು.

ಸಮಿತಿಯ ಬೇರೆ ಇಬ್ಬರು, ಮೊದಲೇ ದೂರಿದ್ದಕ್ಕೆ ಆಧಾರವಿಲ್ಲದೆ ಅವರನ್ನು ದೂರ ಇಡುವುದು ಹೇಗೆ ಎಂದು ಹಿಂಜರಿದರು. ಲ್ಯಾಬ್ ಸರ್ ಕಾಲೇಜಿಗೆ ಬರುತ್ತಲೇ ಇದ್ದರು. ಈಗ ನನಗೆ ಟೀ ಕೊಡಿಸುವಾಗ ಬನ್ನೂ ಕೊಡಿಸುತ್ತಿದ್ದರು. ತಿಂದೆ. ಅದನ್ನೂ ಹೇಳಿಬಿಡುತ್ತೇನೆ, ತಿಂದೆ.

ಒಂಬತ್ತು ದಿನ ಹಾಗೆ ಕಳೆಯಿತು. ಅಷ್ಟರಲ್ಲಿ ಪರೀಕ್ಷೆ ಶುರುವಾಯಿತು. ಬೆಂಚಿನ ಮೇಲೆ ನಂಬರು ಬರೆಯುವುದು ನನ್ನ ಕೆಲಸವೇ. ಸುಜಾತಳ ನಂಬರನ್ನು ಎಲ್ಲಕ್ಕಿಂತ ಚೆನ್ನಾಗಿ ಬರೆದೆ, ಅದೇ ಪ್ರಾಯಶ್ಚಿತ್ತ ಎನ್ನುವ ಹಾಗೆ. ಮೊದಲ ದಿನ ಕೊಠಡಿಯ ಮೇಲ್ವಿಚಾರಣೆಗೆ ಲ್ಯಾಬ್ ಸರ್ ಬಂದರು. ಸುಜಾತ ಬಾಗಿಲವರೆಗೆ ಬಂದು, ಅವರನ್ನು ಕಂಡು, ಹಾಗೆಯೇ ತಿರುಗಿ ಹೋದಳು. ಎರಡನೇ ಪೇಪರಿಗೂ ಬರಲಿಲ್ಲ, ಮೂರನೆಯದಕ್ಕೂ ಬರಲಿಲ್ಲ. ಆ ದಿನ ನಾನು ಉತ್ತರ ಗೊತ್ತಿಲ್ಲದೆ ಆಚೀಚೆ ನೋಡುತ್ತ ಕೂತಿದ್ದೆ. ಎಲ್ಲರ ಬೆಂಚಿನ ಮೇಲಿನ ನಂಬರೂ ತೋಳು ಉಜ್ಜಿ ಉಜ್ಜಿ ಮಾಸಿಹೋಗಿತ್ತು. ಅವಳದೊಂದೇ ಬರೆದ ಹಾಗೆಯೇ ಇತ್ತು, ಒಂದು ಪುಡಿಯೂ ಉದುರಿರಲಿಲ್ಲ.

ಅರ್ಧ ಪೇಪರು ಖಾಲಿ ಕೊಟ್ಟು ಎದ್ದು ಹೋಗಿ ಮೇಡಂ ಮುಂದೆ ಫೋನಿಟ್ಟೆ. ಮರುದಿನ ಸಮಿತಿ ಮತ್ತೆ ಸೇರಿತು. ರೆಕಾರ್ಡಿಂಗ್ ಹಾಕಿದರು. 'ಮೇಡಂ, ನಾನು ಲ್ಯಾಬಿನ ವಿಷ್ಯ…' ಆಮೇಲೆ ನನ್ನ ಹೆಣ್ಣುದನಿ. ಆಮೇಲೆ ನಗು. ಆ ನಗುವಿನಲ್ಲಿ ಎಲ್ಲಕ್ಕಿಂತ ಮೇಲೆ ಕೇಳಿಸಿದ್ದು ಯಾರದೆಂದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಾಯಿತು. ಹೊರಗಿನ ಸದಸ್ಯೆ ಇನ್ನೊಂದು ಸಲ ಹಾಕಿಸಿದರು. ನನ್ನ ಅನುಕರಣೆಗೆ ಯಾರೂ ನಗದೇ ಇದ್ದದ್ದು ಅದೇ ಮೊದಲು. ನಾಲ್ಕು ಸಭೆಗಳ ಕಥೆಯನ್ನೂ ಹೇಳಿದೆ, ಟೀ ಚೆಲ್ಲಿದ್ದನ್ನೂ.

ಆಮೇಲೆ ಎಲ್ಲ ಬೇಗ ನಡೆಯಿತು. ಲ್ಯಾಬ್ ಸರ್‌ಗೆ ಕಾಲೇಜಿನ ಒಳಗೆ ಬರಬೇಡಿ ಎಂದರು, ವರದಿ ಅವರ ವಿರುದ್ಧ ಬಂತು, ಕೆಲಸ ಹೋಯಿತು. ಸುಜಾತ ತಾಯಿಯ ಜೊತೆ, ಮೇಡಂ ಜೊತೆ ಮೈಸೂರಿನ ಕೇಂದ್ರಕ್ಕೆ ಹಲವು ಸಲ ಹೋದಳು. ಪೊಲೀಸಿಗೂ ದೂರು ಕೊಟ್ಟಳು. ಅದು ಅವಳೇ ಯೋಚಿಸಿ ಮಾಡಿದ ತೀರ್ಮಾನ. ಕೇಸು ಇನ್ನೂ ನಡೆಯುತ್ತಿದೆ, ನಾನು ಸಾಕ್ಷಿ. ಸಮನ್ಸು ಬಂದಾಗೆಲ್ಲ ರಜೆ ಹಾಕಿ ಹೋಗುತ್ತೇನೆ. ಆದರೆ ತಪ್ಪಿದ ಪೇಪರುಗಳನ್ನು ಯಾರಿಂದಲೂ ವಾಪಸು ತರಲಾಗಲಿಲ್ಲ. ಒಂಬತ್ತು ದಿನ ಮೊದಲೇ ನಾನು ಬಾಯಿ ಬಿಟ್ಟಿದ್ದರೆ ಅವನು ಆ ಬಾಗಿಲಲ್ಲಿ ನಿಂತಿರುತ್ತಿರಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಅವಳು ಆ ಕಾಲೇಜು ಬಿಟ್ಟು ಮೈಸೂರಿನಲ್ಲಿ ಸೇರಿಕೊಂಡು, ಒಂದು ವರ್ಷ ತಡವಾಗಿ ಡಿಗ್ರಿ ಮುಗಿಸಿದಳು. ನರಸೀಪುರದ ಬಸ್ಸಿನಲ್ಲಿ ಡ್ರೈವರಿನ ಹಿಂದಿನ ಆ ಜಾಗದಲ್ಲಿ ಯಾರು ನಿಂತರೂ ನನಗೆ ಕಿಟಕಿಯಾಚೆ ನೋಡಬೇಕೆನಿಸುತ್ತದೆ.

ಇದನ್ನು ಬರೆಯುವ ಮೊದಲು ಅವಳನ್ನು ಕೇಳಬೇಕಿತ್ತು. ಥಿನ್ನರು ಚೆಲ್ಲಿದ ವಾರ ನರಸೀಪುರದ ಬಸ್ ನಿಲ್ದಾಣದಲ್ಲಿ ಸಿಕ್ಕಳು. ಈಗ ಒಂದು ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ. ಕೇಳಿದೆ. ಹೆಸರು, ಊರು ಬದಲಾಯಿಸು, ಮಿಕ್ಕಿದ್ದೆಲ್ಲ ಹಾಗೇ ಬರಿ, ನಿನ್ನ ಬನ್ನು ಸಮೇತ ಎಂದಳು. ನಾನು ಇಷ್ಟು ವರ್ಷದಿಂದ ಕಟ್ಟಿಟ್ಟುಕೊಂಡಿದ್ದ ಕ್ಷಮೆಯ ಮಾತನ್ನು ಬಿಚ್ಚಲು ಹೋದೆ. ಅರ್ಧಕ್ಕೇ ತಡೆದಳು.

'ಕ್ಷಮೆ ಗಿಮೆ ಎಲ್ಲ ನಂಗೆ ಬ್ಯಾಡ ಕಣೋ. ಆ ಬೋರ್ಡು ಇನ್ನೂ ಹಂಗೇ ಅದಂತೆ, ಬಿಳಿ ಬಣ್ಣ ಬಳ್ಕೊಂಡು. ಮೊದ್ಲು ಹೋಗಿ ನಂಬರ್ ಸರ್ಯಾಗಿ ಬರಿ.'

ಬಸ್ಸು ಬಂತು, ಹತ್ತಿ ಹೋದಳು. ನಗಲಿಲ್ಲ. ಬೈಯಲೂ ಇಲ್ಲ.

ಕಳೆದ ಶನಿವಾರ ಕಾಲೇಜಿಗೆ ಹೋದೆ. ವಸುಂಧರಾ ಮೇಡಂ ನಿವೃತ್ತರಾಗಿದ್ದಾರೆ. ಸಮಿತಿಗೆ ಹೊಸ ಮೇಡಂ ಬಂದಿದ್ದಾರೆ, ನನಗೆ ಪರಿಚಯವಿಲ್ಲ. ಬೋರ್ಡಿನ ಮೇಲೆ ಬಿಳಿ ಬಣ್ಣ ಹಾಗೆಯೇ ಇತ್ತು, ಅಂಚು ಮಾತ್ರ ಹಳದಿಗಟ್ಟಿತ್ತು. ಕಚೇರಿಯಿಂದ ಚೀಟಿ ಬರೆಸಿಕೊಂಡು ಬಂದು ಹೊಸ ಹೆಸರು ಬರೆದೆ, ನಂಬರು ಬರೆದೆ. ಚೀಟಿ ನೋಡಿ ಒಂದು ಸಲ, ಬೋರ್ಡು ನೋಡಿ ಒಂದು ಸಲ, ಬಾಯಿಬಿಟ್ಟು ಓದಿ ಒಂದು ಸಲ. ಅಷ್ಟು ಸಾಲದೆನ್ನಿಸಿ, ಬಣ್ಣದ ಕೈಯಲ್ಲೇ ಫೋನು ತೆಗೆದು ಆ ನಂಬರಿಗೆ ಕರೆ ಮಾಡಿದೆ. ಎರಡು ಸಲ ರಿಂಗಾಯಿತು.

'ಹಲೋ, ಹೇಳಿ.'

ನಂಬರು ಸರಿಯಿದೆಯಾ ಅಂತ ನೋಡಿದೆ ಮೇಡಂ, ಅಷ್ಟೇ. ಇಷ್ಟು ಹೇಳಿದರೆ ಸಾಕಿತ್ತು. ಊರಿನವರ ದನಿಯೆಲ್ಲ ಬರುವ ನನ್ನ ಗಂಟಲಿಗೆ ನನ್ನ ದನಿ ಬರಲಿಲ್ಲ. ಅತ್ತ ಅವರು ಸ್ವಲ್ಪ ಹೊತ್ತು ಕಾದರು. ಹಿಂದೆ ಯಾವುದೋ ಕ್ಲಾಸಿನ ಗದ್ದಲವಿತ್ತು, ಒಂದು ಬಾಗಿಲು ಹಾಕಿದ ಸದ್ದಾಯಿತು, ಗದ್ದಲ ನಿಂತಿತು.

'ಯಾರೇ ಆಗಿ, ಪರವಾಗಿಲ್ಲ. ನಿಧಾನವಾಗಿ ಹೇಳಿ. ನಾನು ಫೋನ್ ಇಡೋದಿಲ್ಲ.'

ಕಿವಿಯಿಂದ ತೆಗೆದು ಪರದೆ ನೋಡಿದೆ. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ಅವರು ಇನ್ನೂ ಕಾಯುತ್ತಿದ್ದರು.